ನಾಗೋಡಿ ಮಗ್ಗುಲಿಂದ ಕೊಡಚಾದ್ರಿ ಓಟ: ಹಳೇ ಕಳ್ಳದಾರಿ, ಹಾವಸೆ ಕಲ್ಲು, ಇಂಬಳ, ಇಳಿಜಾರು

ಘಟ್ಟದಮೇಲಿನವ:
ರಾಜ್ಯೋತ್ಸವದ ರಜೆಗೆ ಮೂರು ಜನ ಸೇರಿ ಕೊಡಚಾದ್ರಿ ಓಡುವ ಅಂದಾಜು. ನಾಗೋಡಿ ಮಗ್ಗುಲಿಂದ ಕಾಡು ಹೊಕ್ಕು ಮೂಲ ಮೂಕಾಂಬಿಕೆ ಗುಡಿ, ಅಲ್ಲಿಂದ ತುದಿಯ ಸರ್ವಜ್ಞ ಪೀಠ, ಬಂದ ದಾರೀಲೇ ವಾಪಸ್. ಒಂದು ಬದಿ ಹತ್ತು ಕಿ.ಮೀ. ಆಸುಪಾಸು. ಮೂವರೂ ಡಾಂಬರು ರಸ್ತೆ ಮೇಲೆ 21 ಕಿ.ಮೀ. ಎರಡೂಕಾಲು ಗಂಟೆಯೊಳಗೆ ಮುಗಿಸ್ತೇವೆ, ಕಾಡುದಾರಿ ಮಾತ್ರ ಹೊಸದು. ಮೂರು ತಾಸು ಸಾಕಲ್ವಾ? ಶೂ ಯಾವುದು, ನೀರು ಎಷ್ಟು, ಇಂಬಳಕ್ಕೆ (ಕಾಡಿನ ಜಿಗಣೆ) ಎಂತ ಮಾಡೋದು, ಇಷ್ಟು ಹೇಳಿ. ಇನ್ನೊಂದು: ಅದು ಹಿಂದೆ ಮೆಣಸು, ಉಪ್ಪು ಕದ್ದು ಸಾಗಿಸ್ತಿದ್ದ ದಾರಿ ಅಂತಾರಲ್ಲ, ಹೌದಾ?

ಮಂಡಿಚಿಪ್ಪು:
ಮೂರು ತಾಸು ಸಾಲಲ್ಲ. ಗುಡ್ಡಕ್ಕೆ ಹಳೇ ಲೆಕ್ಕ ಒಂದಿದೆ, ನೈಸ್ಮಿತ್ ಅನ್ನೋ ಸ್ಕಾಟ್ಲೆಂಡಿನವನು 1892ರಲ್ಲಿ ಹಾಕಿದ್ದು: ಐದು ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕೊಡಚಾದ್ರಿ ತುದಿ 1343 ಮೀಟರ್. ಮಲೆನಾಡು ಮಗ್ಗುಲಿಂದ ಹತ್ತಿದರೆ ನಿವ್ವಳ ಏರು 700ರ ಸುತ್ತಮುತ್ತ. ಅಂದ್ರೆ ನಡೆಯುವವನಿಗೆ ಹತ್ತೋದಕ್ಕೇ 3 ಗಂಟೆ 10 ನಿಮಿಷ. ಗುಡ್ಡದ ಅಭ್ಯಾಸ ಇರುವ ಓಟಗಾರ ಅದರ ಮೂರನೇ ಎರಡು ಭಾಗದಲ್ಲಿ ಹತ್ತಬಹುದು. ರಸ್ತೆ ಓಟಗಾರ ಎರಡೂವರೆ ತಾಸು ಅಂತ ಇಟ್ಟುಕೊಳ್ಳಲಿ. ಇಳಿಯೋದಕ್ಕೆ ಒಂದೂಮುಕ್ಕಾಲು, ಮೇಲೆ ಅರ್ಧ ಗಂಟೆ. ಒಟ್ಟು ಐದು ತಾಸಿಗೆ ಹತ್ತಿರ ಹತ್ತಿರ. ಯೋಜನೆ ಆರು ತಾಸಿಗೆ ಮಾಡಿ.

ಇನ್ನೊಂದು ತಪ್ಪು ಎಲ್ಲರೂ ಮಾಡೋದು. ರಸ್ತೆ ಓಟದ ವೇಗವನ್ನ ಗಡಿಯಾರದಲ್ಲಿ ನೋಡ್ಕೊಂಡು ಅದನ್ನೇ ಹಿಡಿಯೋಕೆ ಹೋಗ್ತಾರೆ. ಏರಿನಲ್ಲಿ ವೇಗ ನೋಡಬೇಡಿ, ಉಸಿರು ನೋಡಿ. ಒಂದು ಪೂರ್ತಿ ವಾಕ್ಯ ತಡೆಯದೆ ಮಾತಾಡೋಕೆ ಆಗಬೇಕು. ಆಗದಿದ್ರೆ ನಡೀರಿ. ನೂರಕ್ಕೆ ಹದಿನೈದು ದಾಟಿದ ಏರಿನಲ್ಲಿ ಓಡಿದವನೂ ಚುರುಕಾಗಿ ನಡೆದವನೂ ಹೆಚ್ಚುಕಮ್ಮಿ ಒಟ್ಟಿಗೇ ತಲುಪ್ತಾರೆ, ಓಡಿದವನ ತೊಡೆ ಮಾತ್ರ ಖಾಲಿ ಆಗಿರುತ್ತೆ.

ಉಕ್ಕಡ:
ಕಳ್ಳಸಾಗಣೆ ಪ್ರಶ್ನೆಗೆ. ಶಿಖರದ ಮೇಲೆ ಕಳ್ಳಮಾಲು ಯಾರೂ ಹೊರಲ್ಲ ಮಾರಾಯ್ರೆ. ಹೊರೆ ಹೊತ್ತವನಿಗೆ ಬೇಕಾದದ್ದು ಎರಡು ಗುಡ್ಡದ ನಡುವಿನ ತಗ್ಗು, ತುದಿ ಅಲ್ಲ. ಬಿದನೂರಿಂದ (ಈಗಿನ ನಗರ) ಕುಂದಾಪುರಕ್ಕೆ ಇಳಿಯುವ ಹೊಸಂಗಡಿ ಘಟ್ಟ ರಾಜಮಾರ್ಗ. 1783ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಮ್ಯಾಥ್ಯೂಸನ ಸೈನ್ಯ ಹತ್ತಿ ಬಂದು ಬಿದನೂರು ಹಿಡಿದದ್ದು ಅದೇ ದಾರೀಲಿ. ಅದೇ ವರ್ಷ ಟಿಪ್ಪು ವಾಪಸ್ ತಗೊಂಡ. ರಾಜಮಾರ್ಗ ಅಂದಮೇಲೆ ಸುಂಕದ ಕಟ್ಟೆ ಇದ್ದೇ ಇರುತ್ತೆ. ಸುಂಕದ ಕಟ್ಟೆ ಇದ್ದಲ್ಲಿ ಅದನ್ನ ತಪ್ಪಿಸೋ ಒಳದಾರಿಯೂ ಹುಟ್ಟುತ್ತೆ. ಕೊಡಚಾದ್ರಿಯ ಬುಡ, ಕೊಲ್ಲೂರಿನ ಕಡೆಗೆ ಇಳಿಯೋ ಕಾನು (ದಟ್ಟ ಕಾಡು), ಇವೆಲ್ಲ ಆ ಲೆಕ್ಕದಲ್ಲಿ ಬರುತ್ತವೆ.

ಮಾಲು ಕಾಲಕಾಲಕ್ಕೆ ಬದಲಾಗಿದೆ. ಮೊದಲು ಮೆಣಸು. ಪೋರ್ಚುಗೀಸರಿಗೆ ಬೇಕಿದ್ದದ್ದು ಕಟ್ಟಿದ ಬೆಲೆಗೆ ತಮ್ಮ ಕೋಠಿಗೇ (ವ್ಯಾಪಾರದ ಉಗ್ರಾಣ) ಮೆಣಸು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಅವರ ರಾಯಭಾರಿಯ ಜೊತೆ ಗೇರುಸೊಪ್ಪೆ ಮೇಲೆ ಘಟ್ಟ ಹತ್ತಿ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಹತ್ತಿರ ಬಂದನಲ್ಲ, ಆ ರಾಯಭಾರದ ಹಿಂದೆಯೂ ಮೆಣಸಿನ ವ್ಯವಹಾರ ಇತ್ತು. ಆಮೇಲೆ ಟಿಪ್ಪು ಮೆಣಸು, ಗಂಧದ ವ್ಯಾಪಾರ ಸರ್ಕಾರದ ಕೈಗೆ ತಗೊಂಡ. 1799ರಲ್ಲಿ ಆಟವೇ ಬದಲಾಯ್ತು: ಕರಾವಳಿ ಕಂಪನಿಗೆ, ಘಟ್ಟದ ಮೇಲಿನ ನಗರ ಸೀಮೆ ಮೈಸೂರಿಗೆ. ಘಟ್ಟದ ನೆತ್ತಿಯೇ ಗಡಿ. ಕಂಪನಿ ಕೆಳಗೆ ಉಪ್ಪನ್ನೂ ಹೊಗೆಸೊಪ್ಪನ್ನೂ ತನ್ನ ಏಕಸ್ವಾಮ್ಯ ಮಾಡಿಕೊಂಡು ಬೆಲೆ ಏರಿಸಿತು. ಸುಂಕ ಕಟ್ಟದ ಉಪ್ಪು ಮೇಲಕ್ಕೆ, ಮೈಸೂರು ಸೀಮೆಯ ಅಗ್ಗದ ಹೊಗೆಸೊಪ್ಪು ಕೆಳಕ್ಕೆ. ಎರಡನೇ ಮಹಾಯುದ್ಧದ ಧಾನ್ಯ ನಿಯಂತ್ರಣದಲ್ಲಿ ಪರವಾನಗಿ ಇಲ್ಲದ ಅಕ್ಕಿಯೂ ಕಳ್ಳಮಾಲಾಯ್ತು. 1956ರ ನವೆಂಬರ್ 1ಕ್ಕೆ ಎರಡೂ ಮಗ್ಗುಲು ಒಂದೇ ರಾಜ್ಯ ಆದ್ಮೇಲೆ ಗಡಿ ಹೋಯ್ತು. ನೀವು ಓಡೋಕೆ ಆರಿಸಿದ ದಿನವೂ ಅದೇ, ಚೆನ್ನಾಗಿದೆ.

ಬಿದನೂರುಬಾಗಿಲು:
ಉಕ್ಕಡ ಅವರು ಹೇಳಿದ್ದು ಓಟಕ್ಕೆ ನೇರ ಉಪಯೋಗಕ್ಕೆ ಬರುತ್ತೆ. ಘಟ್ಟದಲ್ಲಿ ಹಳೇ ದಾರಿ ಎರಡು ಜಾತಿ. ಒಂದು ಹೇರೆತ್ತಿನ ದಾರಿ. ಬೆನ್ನಿನ ಎರಡೂ ಬದಿ ಗೋಣಿ ಹೇರಿಕೊಂಡ ಎತ್ತು ಎತ್ತರದ ಮೆಟ್ಟಿಲು ಇಳಿಯಲ್ಲ, ಕಿರಿದಾದ ಸಂದಿಯಲ್ಲಿ ನುಗ್ಗಲ್ಲ. ಹಾಗಾಗಿ ಅದು ಗುಡ್ಡದ ಮಗ್ಗುಲಿಗೆ ಅಡ್ಡಡ್ಡ ಸಾಗುತ್ತೆ, ತಿರುವು ಅಗಲ, ಏರು ಹದ, ಅಲ್ಲಲ್ಲಿ ಹಾಸುಗಲ್ಲು. ಇನ್ನೊಂದು ತಲೆಹೊರೆ ದಾರಿ. ಇಪ್ಪತ್ತೈದು ಮೂವತ್ತು ಸೇರು ತಲೆ ಮೇಲಿಟ್ಟುಕೊಂಡು ಕಣ್ಣುತಪ್ಪಿಸಿ ಹೋಗುವವನಿಗೆ ಹೊತ್ತು ಮುಖ್ಯ, ಮಂಡಿ ಅಲ್ಲ. ಅದು ಗುಡ್ಡದ ಕೋಡಿನ ಮೇಲೆ ನೆಟ್ಟಗೆ ಹತ್ತುತ್ತೆ, ಊರು ತಪ್ಪಿಸುತ್ತೆ, ಬ್ಯಾಣದ ಹುಲ್ಲುಬಯಲು ಬಿಟ್ಟು ಕಾನಿನ ನೆರಳಲ್ಲೇ ಇರುತ್ತೆ, ಹಳ್ಳವನ್ನ ಸಂಕ (ಕಾಲುಸೇತುವೆ) ಇರೋ ಕಡೆ ಬಿಟ್ಟು ಮೇಲ್ಗಡೆ ಬಂಡೆ ಮೇಲೆ ದಾಟುತ್ತೆ.

ದಾರಿ ಅಡ್ಡಡ್ಡ ಹೋಗ್ತಾ ಇದ್ರೆ ಓಡಿ. ಕಾಲ ಕೆಳಗಿನ ನೆಲ ನೆಟ್ಟಗೆ ಎದ್ದಿತು ಅಂದ್ರೆ ಎರಡೂ ಕೈ ತೊಡೆ ಮೇಲೆ ಊರಿ ನಡೀರಿ. ಇಳಿಯುವಾಗ ಮಾತ್ರ ತಲೆಹೊರೆ ದಾರಿಯಲ್ಲಿ ಓಡಲೇಬೇಡಿ. ಅಡ್ಡದಾರಿ ಕಂಡಲ್ಲೆಲ್ಲ ನುಗ್ಗುವ ಚಟವೂ ಬೇಡ, ಮಳೆನೀರು ಅಲ್ಲೇ ಹರಿದು ಮಣ್ಣು ಕಿತ್ತು ದಾರಿಯೇ ಕೊರಕಲು ಆಗುತ್ತೆ.

ಘಟ್ಟದಮೇಲಿನವ:
ಇದು ಗೊತ್ತೇ ಇರ್ಲಿಲ್ಲ. ಹಾಗಾದ್ರೆ ಬರುವಾಗ ಹಿಡ್ಲುಮನೆ ಜಲಪಾತದ ದಾರೀಲಿ ಇಳಿದು ಸುತ್ತು ಮುಗಿಸಬಹುದಾ? ಬೇರೆ ದಾರಿ ನೋಡಿದ ಹಾಗೂ ಆಗುತ್ತೆ.

ಹಾವಸೆ:
ಬೇಡ. ಹಿಡ್ಲುಮನೆ ಮಗ್ಗುಲು ಹತ್ತೋದಕ್ಕೆ ಪರವಾಗಿಲ್ಲ, ಇಳಿಯೋದಕ್ಕೆ ಕೆಟ್ಟದ್ದು. ನೀರು ಬೀಳುವ ಕಲ್ಲಿನ ಪಕ್ಕದಲ್ಲೇ ಕೈಕಾಲು ನಾಲ್ಕೂ ಊರಿ ಹತ್ತುವ ಜಾಗಗಳಿವೆ. ಹತ್ತುವಾಗ ಕಲ್ಲು ಮುಖದ ಮುಂದೆ ಇರುತ್ತೆ, ಇಳಿಯುವಾಗ ಕಾಲಿಡೋ ಜಾಗವೇ ಕಾಣಲ್ಲ. ದಣಿದ ತೊಡೆಗೆ ಅದು ತಡೆಯೋದಿಲ್ಲ. ಬಂದ ದಾರೀಲೇ ಹೋಗಿ.

ಈಗ ನೆಲದ ವಿಷಯ. ನವೆಂಬರ್ ಮೊದಲ ವಾರ ಅಂದ್ರೆ ಮಳೆ ನಿಂತಿದ್ರೂ ಕಾನೊಳಗೆ ನೆಲ ಒಣಗಿರಲ್ಲ. ನಾಲ್ಕು ಥರ ಸಿಗುತ್ತೆ.

ಕಾನಿನ ತರಗೆಲೆ: ಮೇಲೆ ಮೆತ್ತಗೆ, ಕೆಳಗೆ ಬೇರು. ಒದ್ದೆ ಬೇರು ಸಾಬೂನಿನ ಹಾಗೆ. ಬೇರಿನ ಮೇಲೆ ಕಾಲಿಡೋದೇ ಬೇಡ, ದಾಟಿ ಇಡಿ.

ಹಾವಸೆ (ಪಾಚಿ) ಕಟ್ಟಿದ ಕಲ್ಲು: ಎಲ್ಲರೂ ಬೀಳೋದು ಇಲ್ಲೇ. ಶೂ ತಳದ ಹಲ್ಲು 5 ಮಿ.ಮೀ. ಇದ್ರೂ ಒಂದೇ, 8 ಮಿ.ಮೀ. ಇದ್ರೂ ಒಂದೇ, ಕಚ್ಚೋಕೆ ಅಲ್ಲಿ ಮಣ್ಣಿಲ್ಲ. ಹಿಡಿಯೋದು ರಬ್ಬರಿನ ಮೃದುತನ ಮತ್ತೆ ತಾಗುವ ವಿಸ್ತಾರ ಮಾತ್ರ. ಪಾದ ಪೂರ್ತಿ ಚಪ್ಪಟೆ ಇಡಬೇಕು, ಹಿಮ್ಮಡಿ ಮೊದಲು ಇಟ್ಟರೆ ಕಾಲು ಮುಂದಕ್ಕೆ ಜಾರಿ ಕುಂಡೆ ನೆಲಕ್ಕೆ. ಮೈಯ ಭಾರ ಆ ಪಾದದ ಮೇಲೆ ನೆಟ್ಟಗೆ ಇರಬೇಕು, ಹಿಂದೆ ವಾಲಬಾರದು. ಹಾವಸೆಯಲ್ಲೂ ಬಣ್ಣ ನೋಡಿ: ತಿಳಿಹಸಿರು, ಒಣಗಿ ಪುಡಿಪುಡಿ ಆದದ್ದು ಹಿಡಿಯುತ್ತೆ. ಕಪ್ಪು ಹಸಿರು, ಹೊಳೀತಾ ಇರೋದು ಹಿಡಿಯಲ್ಲ. ಕಲ್ಲಿನ ನಡು ಭಾಗಕ್ಕಿಂತ ಜನ ಮೆಟ್ಟಿ ಸವೆದ ಅಂಚು ವಾಸಿ.

ಬ್ಯಾಣದ ಹುಲ್ಲು: ಆ ಹೊತ್ತಿಗೆ ಸೊಂಟದೆತ್ತರ. ನೆಲ ಕಾಣಲ್ಲ, ಹುಲ್ಲಿನ ಬುಡದಲ್ಲಿ ಗುಳಿ ಇರುತ್ತೆ, ಕಾಲು ಉಳುಕೋದು ಇಲ್ಲಿ. ವೇಗ ಅರ್ಧ ಮಾಡಿ.

ಜೀಪಿನ ದಾರಿ: ಮೇಲ್ಭಾಗದಲ್ಲಿ ಅದನ್ನ ಸೇರಲೇಬೇಕು. ಜಂಬಿಟ್ಟಿಗೆಯ ಉರುಟು ಕಲ್ಲು ಗಟ್ಟಿ ನೆಲದ ಮೇಲೆ ಗೋಲಿ ಚೆಲ್ಲಿದ ಹಾಗೆ. ಚಕ್ರ ಹಾದ ಜಾಡು ಬಿಟ್ಟು ನಡುವಿನ ಏಣು ಹಿಡೀರಿ. ಜೀಪು ಬಂದ್ರೆ ದರೆ (ಗುಡ್ಡದ ಗೋಡೆ) ಮಗ್ಗುಲಿಗೆ ನಿಂತುಕೊಳ್ಳಿ, ಕಂದಕದ ಮಗ್ಗುಲಿಗಲ್ಲ. ಜೀಪೂ ಜಾರುತ್ತೆ.

ಶೂ: ಹಲ್ಲು 4ರಿಂದ 6 ಮಿ.ಮೀ., ರಬ್ಬರು ಉಗುರಿಂದ ಒತ್ತಿದ್ರೆ ಸ್ವಲ್ಪ ಒಳಗೆ ಹೋಗಬೇಕು. ನೀರು ನುಗ್ಗದ ಬಟ್ಟೆಯ ಶೂ ತಗೋಬೇಡಿ, ಹಳ್ಳದಲ್ಲಿ ಮೇಲಿಂದ ನೀರು ತುಂಬಿದ್ರೆ ಅದು ಹೊರಗೂ ಹೋಗಲ್ಲ. ಅಳತೆ ಬೆರಳ ತುದಿಗೆ ಒಂದು ಹೆಬ್ಬೆರಳು ಜಾಗ ಬಿಟ್ಟು. ಇಳಿಯೋ ಮೊದಲು ಕೂತು ಲೇಸು ಮರುಕಟ್ಟಿ: ಕಡೇ ತೂತಲ್ಲಿ ಕುಣಿಕೆ ಮಾಡಿ ಎದುರು ಬದಿಯ ಲೇಸು ಅದರೊಳಗೆ ತೂರಿಸಿ ಎಳೆದರೆ ಹಿಮ್ಮಡಿ ಹಿಂದೆ ಕೂರುತ್ತೆ. ಇದನ್ನ ಮಾಡದವರ ಹೆಬ್ಬೆರಳ ಉಗುರು ವಾರದಲ್ಲಿ ಕಪ್ಪು.

ಮಂಡಿಚಿಪ್ಪು:
ಇಳಿಜಾರಿನ ಬಗ್ಗೆ ಒಂದು ಸೇರಿಸ್ತೀನಿ. ತೊಡೆ ಮುಂಭಾಗದ ಸ್ನಾಯು ಹತ್ತುವಾಗ ಕುಗ್ಗುತ್ತಾ ಕೆಲಸ ಮಾಡುತ್ತೆ, ಇಳಿಯುವಾಗ ಹಿಗ್ಗುತ್ತಾ ಭಾರ ತಡೆಯುತ್ತೆ. ಎಳೆ ಹರಿಯೋದು ಎರಡನೇದ್ರಲ್ಲಿ. ಅದಕ್ಕೇ ಹತ್ತಿದ ದಿನ ಏನೂ ಅನ್ನಿಸಲ್ಲ, ಎರಡನೇ ದಿನ ಮೆಟ್ಟಿಲು ಇಳಿಯೋಕೆ ಗೋಡೆ ಹಿಡೀಬೇಕು. ಒಳ್ಳೇ ಸುದ್ದಿ ಅಂದ್ರೆ ಒಂದೇ ಒಂದು ಸಲ ಇಳಿಜಾರು ಅಭ್ಯಾಸ ಮಾಡಿದ್ರೂ ಕೆಲವು ವಾರದವರೆಗೆ ಸ್ನಾಯು ಅದನ್ನ ನೆನಪಿಟ್ಟುಕೊಳ್ಳುತ್ತೆ. ಓಟಕ್ಕೆ ಹತ್ತು ಹದಿನಾಲ್ಕು ದಿನ ಮೊದಲು ಊರ ಪಕ್ಕದ ಗುಡ್ಡದಲ್ಲಿ ಮೂರು ಮೂರು ನಿಮಿಷದ ಆರು ಇಳಿತ ಸಾಕು. ಹಾಸುಗಲ್ಲಿನ ಮೇಲೆ ಕಾಲಿಡೋದು ಕಲೀಬೇಕು ಅಂದ್ರೆ ಕವಲೇದುರ್ಗ ಹತ್ತಿ ಇಳೀರಿ, ಕೆಳದಿಯವರ ಕೋಟೆ, ಕಲ್ಲುದಾರಿ ಹಾಗೇ ಇದೆ. ಕಡೇ ವಾರ ಇದ್ಯಾವುದೂ ಬೇಡ.

ಇಳಿಯುವಾಗ ಹೆಜ್ಜೆ ಚಿಕ್ಕದು, ನಿಮಿಷಕ್ಕೆ 170–180. ಕಣ್ಣು ಪಾದದ ಮೇಲಲ್ಲ, ಮೂರು ನಾಲ್ಕು ಹೆಜ್ಜೆ ಮುಂದೆ.

ಕಾನ್ಮನೆ:
ಇಂಬಳ, ಉಣುಗು (ಉಣ್ಣೆ ಹುಳ) ಎರಡನ್ನೂ ಒಂದೇ ಅಂತ ತಿಳ್ಕೋಬೇಡಿ. ಇಂಬಳ ಕಿರಿಕಿರಿ, ಉಣುಗು ಕಾಯಿಲೆ.

ಇಂಬಳಕ್ಕೆ: ಉದ್ದ ಕಾಲುಚೀಲದ ಒಳಗೆ ಪ್ಯಾಂಟಿನ ತುದಿ. ಹೊಗೆಸೊಪ್ಪು ರಾತ್ರಿ ನೆನೆಹಾಕಿ ಆ ನೀರಲ್ಲಿ ಕಾಲುಚೀಲ ಅದ್ದಿ ಒಣಗಿಸಿದ್ರೆ ಹತ್ತಲ್ಲ, ಹಳ್ಳ ದಾಟಿದ್ಮೇಲೆ ಕಮ್ಮಿ ಆಗುತ್ತೆ. ಕೊಬ್ಬರಿ ಎಣ್ಣೆಗೆ ಸುಣ್ಣ ಕಲಸಿ ಹಚ್ಚೋದೂ ಇದೆ, ಆದರೆ ಬೆವರಿಗೆ ಸುಣ್ಣ ಚರ್ಮ ಸುಡುತ್ತೆ, ಬರೀ ಎಣ್ಣೆ ಸಾಕು. ಕಚ್ಚಿಕೊಂಡ್ರೆ ಉಪ್ಪು ಹಾಕಬೇಡಿ, ಅದು ಕಕ್ಕಿ ಗಾಯ ಕೀವಾಗಬಹುದು. ಸಣ್ಣ ತುದಿಯ ಹತ್ತಿರ ಉಗುರನ್ನ ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಜಾರಿಸಿ, ಬಿಡುತ್ತೆ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಟ್ಟಿರುತ್ತೆ, ಬಟ್ಟೆ ಒತ್ತಿ ಹಿಡೀರಿ, ಗಾಬರಿ ಬೇಡ. ಓಡೋವರಿಗೆ ಇಂಬಳ ಕಮ್ಮಿ, ಹತ್ತೋದು ನಿಂತಾಗಲೇ. ಹಾಗಾಗಿ ವಿಶ್ರಾಂತಿ ಕಾನೊಳಗೆ ಬೇಡ, ಬಿಸಿಲು ಬಿದ್ದ ಬಂಡೆ ಮೇಲೆ.

ಉಣುಗಿಗೆ: ಅದು ಹರಡುವ ಮಂಗನ ಕಾಯಿಲೆ 1957ರಲ್ಲಿ ಗುರುತು ಸಿಕ್ಕಿದ್ದೇ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಕಾಯಿಲೆ ಏಳೋದು ಡಿಸೆಂಬರಿಂದ ಮೇವರೆಗೆ ಜಾಸ್ತಿ, ನವೆಂಬರಲ್ಲಿ ಶುರು ಆಗೋದೂ ಇದೆ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ. ತರಗೆಲೆ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ವಾಪಸ್ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ಮೈಗೆ ಸ್ನಾನ. ಕಂಕುಳು, ತೊಡೆಸಂದು, ಮಂಡಿ ಹಿಂದೆ, ಕಿವಿ ಹಿಂದೆ ಬೆರಳಾಡಿಸಿ ನೋಡಿ, ಮರಿ ಉಣುಗು ಎಳ್ಳಿಗಿಂತ ಸಣ್ಣ. ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೆಟ್ಟಗೆ ಎಳೀರಿ, ಸುಡೋದು, ಹಿಚುಕೋದು ಬೇಡ. ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು ಬಂದ್ರೆ ಡಾಕ್ಟರಿಗೆ ಮೊದಲು ಹೇಳಬೇಕಾದ್ದು 'ಕಾಡಿಗೆ ಹೋಗಿದ್ದೆ' ಅಂತ.

ಹಾವು: ಗುಳಿಮಂಡಲ ಕಾಲುದಾರಿ ಪಕ್ಕದ ಗಿಡದಲ್ಲಿ, ಮೊಣಕೈ ಎತ್ತರದಲ್ಲಿ ಅಲ್ಲಾಡದೆ ಕೂತಿರುತ್ತೆ. ಹತ್ತುವಾಗ ಕೊಂಬೆ ಹಿಡಿಯೋ ಮೊದಲು ನೋಡಿ ಹಿಡೀರಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೆ ಮಾತ್ರ, ಗುಳಿಮಂಡಲಕ್ಕಲ್ಲ. ಆದ್ರೂ ಆಸ್ಪತ್ರೆಗೆ ಹೋಗಲೇಬೇಕು. ಕೊಯ್ಯೋದು, ಹಗ್ಗ ಬಿಗಿಯೋದು ಯಾವುದೂ ಬೇಡ. ಕಚ್ಚಿದ ಕಾಲು ಅಲ್ಲಾಡಿಸದೆ ಹೊತ್ತುಕೊಂಡು ಇಳಿಸಿ, 108.

ತಿಂಡಿಗಂಟು:
ನೀರಿನ ಲೆಕ್ಕ. ಗಂಟೆಗೆ ಅರ್ಧ ಲೀಟರ್, ಬಿಸಿಲಿನ ಬ್ಯಾಣದಲ್ಲಿ ಮುಕ್ಕಾಲು. ಐದು ತಾಸಿಗೆ ಎರಡೂವರೆ ಮೂರು ಲೀಟರ್ ಬೇಕು, ಹೊರೋದು ಒಂದೂವರೆ ಸಾಕು. ಗುಡಿ ಹತ್ತಿರ ನೀರು ಸಿಗುತ್ತೆ, ನವೆಂಬರಲ್ಲಿ ಹಳ್ಳವೂ ಹರೀತಿರುತ್ತೆ. ಹಳ್ಳದ ನೀರಿಗೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟೇ ಕುಡೀರಿ. ಮಾತ್ರೆ ಹಾಕಿ ಎರಡು ನಿಮಿಷಕ್ಕೆ ಕುಡಿದ್ರೆ ಹಾಕಿಯೂ ದಂಡ.

ಬರೀ ನೀರು ಕುಡೀತಾ ಹೋದ್ರೆ ಉಪ್ಪು ಇಳಿದು ತಲೆ ಭಾರ, ವಾಕರಿಕೆ. ಓಆರ್‌ಎಸ್ ಪೊಟ್ಟಣ ಒಂದಕ್ಕೆ ಒಂದು ಲೀಟರ್, ಅರ್ಧ ಲೀಟರಿಗೆ ಒಂದು ಪೂರ್ತಿ ಸುರಿದ್ರೆ ಹೊಟ್ಟೆ ಕೆಡುತ್ತೆ. ಪೊಟ್ಟಣ ಇಲ್ದಿದ್ರೆ ಲೀಟರಿಗೆ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಲೆಕ್ಕ. ಮುರುಗಲು (ಪುನರ್ಪುಳಿ) ಹಣ್ಣಿನ ರಸ ಸ್ವಲ್ಪ ಬೆರೆಸಿದ್ರೆ ನಾಲ್ಕನೇ ತಾಸಲ್ಲೂ ಗಂಟಲಲ್ಲಿ ಇಳಿಯುತ್ತೆ.

ತಿನ್ನೋದು ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಸಕ್ಕರೆ. ಒಂದು ಬಾಳೆಹಣ್ಣು 25 ಗ್ರಾಂ ಆಸುಪಾಸು, ಹೆಬ್ಬೆರಳು ಗಾತ್ರದ ಬೆಲ್ಲ ಹತ್ತು. ಹಸಿವಾಗೋವರೆಗೆ ಕಾಯಬೇಡಿ, ಮೊದಲ ತುತ್ತು 40ನೇ ನಿಮಿಷಕ್ಕೆ. ಕಡುಬು ಕಟ್ಟಿಕೊಂಡು ಹೋಗೋ ಆಸೆ ಇದ್ರೆ ಅದು ಜೀಪಲ್ಲಿ ಹೋಗೋವರಿಗೆ.

ಉಕ್ಕಡ:
ಪರವಾನಗಿ ಯಾರೂ ಹೇಳಲಿಲ್ಲ. ಮೂಕಾಂಬಿಕಾ ವನ್ಯಜೀವಿ ಧಾಮ, 1972ರ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಕಾಲಿಡೋದೇ ಅಪರಾಧ. ಚಾರಣಕ್ಕೆ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಗಡ ಮಾಡ್ಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ರಜೆ ದಿನ ಬೇಗ ತುಂಬುತ್ತೆ. ನಿಮಗೆ ಬೇಕಾದ ದಾರಿಯೇ ಆ ದಿನ ತೆರೆದಿದೆಯಾ ಅಂತ ವಲಯ ಕಚೇರಿಗೆ ಫೋನ್ ಮಾಡಿ ಕೇಳಿ, ಜೋರು ಮಳೆಗೂ ಬೇಸಿಗೆಯ ಕಾಳ್ಗಿಚ್ಚಿಗೂ ಮುಚ್ಚುತ್ತಾರೆ. ಕತ್ತಲೆಯಲ್ಲಿ ತಲೆದೀಪ ಹಾಕ್ಕೊಂಡು ಕಾನೊಳಗೆ ಓಡೋದು ಬೇಡವೇ ಬೇಡ. ಗಂಧ, ಬೇಟೆ ಹುಡುಕೋ ಗಾರ್ಡುಗಳ ಕಣ್ಣಿಗೆ ರಾತ್ರಿ ಓಡೋನು ಓಟಗಾರ ಅಲ್ಲ.

ಬಿದನೂರುಬಾಗಿಲು:
ಕಾಟಿ (ಕಾಡುಕೋಣ) ಬೆಳಿಗ್ಗೆ ಬ್ಯಾಣದ ಅಂಚಿಗೆ ಇರುತ್ತೆ. ತಿರುವಲ್ಲಿ ಮಾತಾಡ್ತಾ ಹೋಗಿ, ಎದುರಾದ್ರೆ ನಿಂತು, ಹಿಂದೆ ಸರಿದು ದಾರಿ ಬಿಡಿ.

ಮಂಜು ಮಧ್ಯಾಹ್ನದ ಮೇಲೆ ಕರಾವಳಿ ಕಡೆಯಿಂದ ಏಳುತ್ತೆ, ಹತ್ತು ನಿಮಿಷದಲ್ಲಿ ಪೀಠದ ಮಂಟಪವೇ ಕಾಣದ ಹಾಗೆ. ಆಗ ಅಂಚಿನ ಕಡೆ ಹೋಗಬೇಡಿ. ಪೀಠದ ಕೆಳಗಿನ ಚಿತ್ರಮೂಲ ಗುಹೆಗೆ ಇಳಿಯೋದು ಓಟದ ಲೆಕ್ಕದಲ್ಲಿ ಸೇರಿಸಲೇಬೇಡಿ, ಕಡಿದಾದ ಇಳಿತ, ಹೋಗೋದಾದ್ರೆ ಇನ್ನೊಂದು ದಿನ ನಡ್ಕೊಂಡು. ಗುಡುಗು ಕೇಳಿದ್ರೆ ಬೋಳು ಏಣು ಬಿಟ್ಟು ಇಳೀರಿ, ಗುಡಿ ಮುಂದಿನ ಕಬ್ಬಿಣದ ಕಂಬದ ಹತ್ತಿರ ನಿಂತು ಫೋಟೋ ತೆಗೆಯೋ ಹೊತ್ತಲ್ಲ ಅದು.

ಘಟ್ಟದಮೇಲಿನವ:
ಎಲ್ಲ ಸೇರಿಸಿ ಬರ್ದಿದ್ದೀನಿ, ತಪ್ಪಿದ್ರೆ ಹೇಳಿ. ಗೇಟು ತೆಗೆದ ಕೂಡಲೇ ಹೊರಡೋದು, ಆರೂವರೆ ಅಂತ ಇಟ್ಕೊಂಡಿದ್ದೇವೆ. ಪೀಠ 9ಕ್ಕೆ, 9:30ಕ್ಕೆ ಇಳಿಯೋಕೆ ಶುರು, 11:30ಕ್ಕೆ ಕೆಳಗೆ. ಎಲ್ಲೇ ಇದ್ರೂ 11ಕ್ಕೆ ವಾಪಸ್ ತಿರುಗೋದು. ಒಬ್ಬೊಬ್ಬರಿಗೆ ಒಂದೂವರೆ ಲೀಟರ್, ಓಆರ್‌ಎಸ್ ಎರಡು, ಬಾಳೆಹಣ್ಣು ಮೂರು, ಬೆಲ್ಲ, ಚಿಕ್ಕಿ ಆರು, ಕ್ರೇಪ್ ಬ್ಯಾಂಡೇಜು, ಚಿಮುಟ, ಮಳೆ ಅಂಗಿ, ಫೋನಲ್ಲಿ ಮೊದಲೇ ಇಳಿಸಿದ ನಕ್ಷೆ. ಹಿಡ್ಲುಮನೆ ಕೈಬಿಟ್ಟೆವು.

ಮಂಡಿಚಿಪ್ಪು:
ಸೀಟಿ ಬರೆದಿಲ್ಲ. ಸಿಗ್ನಲ್ ಬಹಳ ಕಡೆ ಇಲ್ಲ. ನಿಮಿಷದಲ್ಲಿ ಆರು ಸಲ ಊದಿ ಒಂದು ನಿಮಿಷ ನಿಲ್ಲಿಸಿ ಮತ್ತೆ ಆರು. ಮೂವರಲ್ಲಿ ನಿಧಾನದವರು ಮುಂದೆ ಇರಲಿ, ಇಳಿಯುವಾಗಲೂ.

ಉಕ್ಕಡ:
ಚಿಕ್ಕಿಯ ಪೊಟ್ಟಣ ಮನೇಲೇ ಬಿಚ್ಚಿ ಬಟ್ಟೆ ಚೀಲಕ್ಕೆ ಹಾಕ್ಕೊಳ್ಳಿ. ಗೇಟಲ್ಲಿ ಬ್ಯಾಗ್ ತೆಗೆಸಿ ಪ್ಲಾಸ್ಟಿಕ್ ಎಣಿಸ್ತಾರೆ, ಒಳಗೆ ಹೋದಷ್ಟೂ ಹೊರಗೆ ಬರಬೇಕು. ಈ ಉಕ್ಕಡಕ್ಕೆ (ಸುಂಕದ ಕಟ್ಟೆಗೆ) ಒಳದಾರಿ ಹುಡುಕೋಕೆ ಹೋಗಬೇಡಿ ಮತ್ತೆ.

ಘಟ್ಟದಮೇಲಿನವ:
ಸೀಟಿ ಮೂರು, ಬಟ್ಟೆ ಚೀಲ ಮೂರು. ಬರ್ಕೊಂಡೆ.